ಹುಳಿ ಇಳಿದ ದಿನ

ಒರೊಂಜಾ ಹತ್ತೊಂಬತ್ತು ವರ್ಷ ಚೀಸ್ ಮಾಡುವ ಕಡೆ ದುಡಿದವಳು. ಹಾಲು ಎಷ್ಟು ಹುಳಿಯಾಗಿದೆ ಎಂದು ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡೇ ಹೇಳಿಬಿಡುತ್ತಿದ್ದಳು. ಆ ಚೀಸ್ ಕಾರ್ಖಾನೆ ಮುಚ್ಚಿದ ಮೇಲೆ ಇಟಲಿಯ ಲೆಚ್ಚೆ ಊರಾಚೆಯ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾದಳು. ಅಲ್ಲೂ ಹುಳಿ ನೋಡುವುದೇ ಕೆಲಸ. ನಾಲಿಗೆಗೆ ಮಾತ್ರ ರಜೆ.

ಯಾರೋ ರೋಗಿಯ ಕ್ಯಾನ್ಸರ್ ಗಡ್ಡೆಯ ಜೀವಕೋಶಗಳನ್ನು ಅಲ್ಲಿ ಸಾಸಿವೆಗಿಂತ ಸಣ್ಣ ಉಂಡೆಗಳಾಗಿ ಬೆಳೆಸುತ್ತಿದ್ದರು. ಉಂಡೆಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳು. ಬೆಳಕು ಬಿಟ್ಟರೆ ಅವು ಕೆಂಪು, ಹಸಿರಾಗಿ ಹೊಳೆಯುತ್ತವೆ. ಹುಳಿ ಏರಿದ ಕಡೆ ಹಸಿರು ಮಂಕಾಗುತ್ತದೆ. ಇದನ್ನೆಲ್ಲ ಕಲಿಸಿದವಳು ಅವಳ ಮಗಳ ವಯಸ್ಸಿನ ಸಂಶೋಧಕಿ ಇಲಾರಿಯಾ.

ಮಣಿಗಳ ವಿಷಯ ಒರೊಂಜಾಳಿಗೆ ಬೇಗ ತಿಳಿಯಿತು. ತಿಳಿಯದೆ ಉಳಿದದ್ದು, ಹುಳಿ ಏರಿದರೆ ಖುಷಿಪಡಬೇಕೋ ಬೇಡವೋ ಎಂಬುದು. ಹುಳಿ ಎಂದರೆ ಗಡ್ಡೆ ಜೋರಾಗಿ ಬೆಳೆಯುತ್ತಿದೆ ಎಂದರ್ಥ. ಆದರೆ ಹುಳಿ ಬಾರದಿದ್ದರೆ ಇಲಾರಿಯಾಳ ಮುಖ ಸಪ್ಪಗಾಗುತ್ತಿತ್ತು; ಗಡ್ಡೆ ಬೆಳೆಯದೆ ಔಷಧಿ ಪರೀಕ್ಷಿಸುವಂತಿರಲಿಲ್ಲ. ಹದಿನೆಂಟು ದಿನ ಒರೊಂಜಾ ಆ ಉಂಡೆಗಳಿಗೆ ಗುಲಾಬಿ ಬಣ್ಣದ ಪೋಷಕದ್ರವ ಬದಲಿಸಿದಳು. ಭಾನುವಾರವೂ ಹೋದಳು.

“ಕ್ಯಾನ್ಸರ್‌ಗೆ ತುತ್ತಿಡೋಕೆ ಮನೆಯವ್ರ ಊಟ ಬಿಟ್ಟು ಓಡ್ತೀಯಲ್ಲೇ,” ಎಂದು ಗಂಡ ಉಚ್ಚೊ ಚುಚ್ಚಿದ.

ಹತ್ತೊಂಬತ್ತನೇ ದಿನ ಔಷಧಿ ಹಾಕಿದರು. ಅದಾದ ಮೂರನೇ ದಿನ ನೋಡಿದರೆ ಮಂಕಾಗಿದ್ದ ಹಸಿರು ಅಂಚಿನಿಂದ ಒಳಕ್ಕೆ ಮತ್ತೆ ಬೆಳಗತೊಡಗಿತ್ತು; ಹುಳಿ ಇಳಿಯುತ್ತಿತ್ತು. ಇಲಾರಿಯಾ ಕುರ್ಚಿ ಬಿಟ್ಟೆದ್ದು ಅವಳನ್ನು ತಬ್ಬಿಕೊಂಡಳು. ಒರೊಂಜಾಳ ಕಣ್ಣು ತುಂಬಿತ್ತು.

“ಸಂತೋಷಕ್ಕೆ ಅಳ್ತಿದೀರಾ?”

“ಗೊತ್ತಿಲ್ಲ ಡಾಕ್ಟ್ರೇ. ಇವು ಸಾಯ್ತಿವೆ, ಅಲ್ವಾ?”

“ಸಾಯ್ಲಿ ಅಂತಾನೇ ಇಷ್ಟೆಲ್ಲ ಮಾಡಿದ್ದು.”

“ಅದು ಗೊತ್ತು. ಆದ್ರೂ ಸಾಕಿದ್ದು ನಾನು.” ಕಣ್ಣೊರೆಸಿಕೊಂಡು ಕೇಳಿದಳು, “ಆ ರೋಗಿ ಉಳೀತಾರಾ?”

ರೋಗಿ ಯಾರೆಂದು ತನಗೂ ಗೊತ್ತಿಲ್ಲ, ಆಸ್ಪತ್ರೆಯಿಂದ ಬರುವುದು ಬರೀ ನಂಬರು ಎಂದಳು ಇಲಾರಿಯಾ. ಬದುಕಿದ್ದಾರೋ ಇಲ್ಲವೋ ಎಂಬುದೂ ತಿಳಿಯದು.

ಉಂಡೆಗಳಿದ್ದ ತಟ್ಟೆಗಳನ್ನು ಎಸೆಯಲು ಬೇರೆಯವರ ಕೈಗೆ ಕೊಡಲು ಒರೊಂಜಾಳಿಗೆ ಮನಸ್ಸಾಗಲಿಲ್ಲ. ತಾನೇ ಒಂದೊಂದಾಗಿ ಖಾಲಿ ಮಾಡಿದಳು. ಮನೆಯಲ್ಲಿ ಉಚ್ಚೊ ಏನಾಯಿತೆಂದು ಕೇಳಿದಾಗ, ಒಳ್ಳೆಯದಾಯಿತು ಎಂದಷ್ಟೇ ಹೇಳಿ ಊಟ ಮಾಡದೆ ಮಲಗಿದಳು.

ಸೋಮವಾರ ಇನ್ನೊಂದು ನಂಬರಿನ ಜೀವಕೋಶಗಳು ಬಂದವು. ಕೈಗವಸು ಹಾಕಿಕೊಳ್ಳುತ್ತಾ ಒರೊಂಜಾ ಇಲಾರಿಯಾಳನ್ನು ಕೇಳಿದಳು: “ಈ ಸಲ ಹುಳಿ ಬಂದ್ರೆ ನಿಮ್ಗೆ ಫೋನ್ ಮಾಡ್ಲಾ, ಬರದಿದ್ರೆ ಮಾಡ್ಲಾ?”

“ಎರಡಕ್ಕೂ ಮಾಡಿ,” ಎಂದಳು ಇಲಾರಿಯಾ.