ಕೆಪಾಸಿಟೆನ್ಸ್ ಮುಕುಂದಯ್ಯ

ರೇಡಿಯೋ ರಿಪೇರಿ ಅಂಗಡಿ ಇಟ್ಟವರಿಗೆಲ್ಲ ಒಬ್ಬ ಮುಕುಂದಯ್ಯ ಗಂಟುಬಿದ್ದೇ ಬೀಳುತ್ತಾರೆ. ಎಪ್ಪತ್ತೆಂಟರ ಸುಮಾರಿಗೆ ಹೊಸನಗರದಲ್ಲಿ ಅವರು ನನ್ನ ಪಾಲಿಗೆ ಬಂದಿದ್ದರು. ರಿಪ್ಪನ್‌ಪೇಟೆಯಿಂದ ಬೆಳಗಿನ ಬಸ್ಸಿಗೆ ಆಂಪ್ಲಿಫೈಯರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದು, "ಹಾಡು ಕೇಳ್ಸುತ್ತೆ, ಗೆಜ್ಜೆ ಕೇಳ್ಸಲ್ಲ ಮಾರಾಯ" ಎನ್ನುವರು. ಟ್ರಾನ್ಸಿಸ್ಟರಿನ ಒಳಗೇ ಒಂದಿಷ್ಟು ಕೆಪಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಗುಣ, ಇರುತ್ತದೆ, ಸ್ವರ ಎತ್ತರವಾದಷ್ಟೂ ಅದರ ಮೂಲಕ ಹಿಂದಕ್ಕೆ ಸೋರಿ ದನಿ ಕುಗ್ಗುತ್ತದೆ ಎಂದು ನಾನು ಒಮ್ಮೆ ಹೇಳಿದ್ದೇ ತಡ, ಅದು ಅವರ ಮಂತ್ರವಾಯಿತು. ಬಸ್ಸು ತಡವಾದರೂ ಕೆಪಾಸಿಟೆನ್ಸ್, ಕಾಫಿ ತಣ್ಣಗಾದರೂ ಕೆಪಾಸಿಟೆನ್ಸ್! ಶಿವಮೊಗ್ಗದಿಂದ ಒಳ್ಳೆಯ ಟ್ರಾನ್ಸಿಸ್ಟರ್ ತರಿಸಿ ಹಾಕಿದೆ. ಗೆಜ್ಜೆ ನನಗೆ ಘಲ್ಲೆಂದು ಕೇಳಿತು, ಅವರು ಇಲ್ಲವೆಂದು ತಲೆಯಾಡಿಸಿದರು. ಮತ್ತೆ ಬಿಚ್ಚಿದೆ, ಮತ್ತೆ ಬೆಸುಗೆ ಹಾಕಿದೆ. ಅವರ ಬಸ್ಸು ಕಂಡರೆ ಅಂಗಡಿಯ ಬಾಗಿಲು ಹಾಕಿಕೊಳ್ಳೋಣವೆನಿಸುತ್ತಿತ್ತು. ಕೊನೆಗೊಂದು ದಿನ ಅವರು ಹೆಂಡತಿ ತುಂಗಮ್ಮನವರನ್ನೂ ಕರೆದುಕೊಂಡು ಬಂದಾಗ, ಬಾಯಿ ಮುಚ್ಚಿಸಲೆಂದೇ, ಸ್ವರ ಹುಟ್ಟಿಸುವ ಪರೀಕ್ಷೆಯ ಯಂತ್ರವನ್ನು ಆಂಪ್ಲಿಫೈಯರಿಗೆ ಜೋಡಿಸಿ ತೀರಾ ಎತ್ತರದ ಸ್ವರವೊಂದನ್ನು ಜೋರಾಗಿ ಹಚ್ಚಿದೆ. ಸೂಜಿಯಂಥ ಕೀರಲು ಅಂಗಡಿಯನ್ನೆಲ್ಲ ತುಂಬಿತು. ತುಂಗಮ್ಮ ಎರಡೂ ಕಿವಿ ಮುಚ್ಚಿಕೊಂಡರು. ಮುಕುಂದಯ್ಯ ಮಾತ್ರ ಕತ್ತು ಮುಂದೆ ಚಾಚಿ, ಆಸೆಯಿಂದ ಸ್ಪೀಕರನ್ನೇ ನೋಡುತ್ತ, "ಹಾಕು ಮಾರಾಯ, ಎಂತಕ್ಕೆ ತಡ ಮಾಡ್ತೀಯ?" ಎಂದರು. ಕೀರಲು ಇನ್ನೂ ನಿಂತಿರಲಿಲ್ಲ. ತುಂಗಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕಿವಿಯಿಂದ ಕೈ ತೆಗೆದು, ಗಂಡನ ಕಡೆಗೆ ಬಗ್ಗಿ, "ತಡೀರಿ, ಅವ್ರಿನ್ನೂ ಶುರು ಮಾಡಿಲ್ಲ" ಎಂದರು.