ರಸ್ತೆಯ ಮೇಲಿನ ಸೊಪ್ಪು

ಸೈಕಲ್ ತುಳಿದು ಕೆಲಸಕ್ಕೆ ಹೋಗುವ ಕಂಪ್ಯೂಟರಿನವನು ಗುತ್ತಿಗಾರಿನ ಕಡೆ ನಾನೊಬ್ಬನೇ ಇರಬೇಕು. ಮನೆಯ ಇಂಟರ್ನೆಟ್ ಆಗಾಗ ಕೈಕೊಡುತ್ತದೆಂದು ಪೇಟೆಯಲ್ಲಿ ಅಂಗಡಿಯ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇನೆ. ಅಲ್ಲಿ ಕೂತು ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು. ಏಳು ಕಿಲೋಮೀಟರ್ ದಾರಿ, ಅದರಲ್ಲಿ ಮೂರು ಕಾಡಿನ ನಡುವೆ. ಸೈಕಲ್ ಶುರುಮಾಡಿದ್ದು ಡಾಕ್ಟರು ಹೆದರಿಸಿದ್ದಕ್ಕೆ, ಈಗ ಬಿಡಲು ಮನಸ್ಸಿಲ್ಲ. ದಿನವಿಡೀ ಸ್ಕ್ರೀನ್ ದಿಟ್ಟಿಸಿದರೂ ಸಿಗದ ತಪ್ಪುಗಳು ಏರಿನಲ್ಲಿ ಏದುಸಿರು ಬಿಡುವಾಗ ಥಟ್ಟನೆ ಹೊಳೆದದ್ದುಂಟು. ನನ್ನ ಹೆಂಡತಿ ಅದೇ ಪೇಟೆಯ ಶಾಲೆಯಲ್ಲಿ ಟೀಚರ್. ನಾನು ಹೊರಟು ಹದಿನೈದು ನಿಮಿಷಕ್ಕೆ ಅವಳ ಸ್ಕೂಟರ್ ಹೊರಡುತ್ತದೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ರಸ್ತೆಯ ಮೇಲೆ ಬಿದ್ದ ಸೊಪ್ಪು ಕಂಡರಂತೂ ಮೈ ಉರಿಯುತ್ತದೆ. ನಮ್ಮಲ್ಲಿ ಲಾರಿಯೋ ಜೀಪೋ ಕೆಟ್ಟು ನಿಂತರೆ ಹಿಂದೊಂದು ಮುಂದೊಂದು ಮರದ ಹಸಿ ಗೆಲ್ಲು ಮುರಿದು ರಸ್ತೆಗೆ ಹಾಕುತ್ತಾರೆ, ಬರುವವರಿಗೆ ಎಚ್ಚರಿಕೆಯೆಂದು. ಒಳ್ಳೆಯದೇ. ಆದರೆ ಗಾಡಿ ರಿಪೇರಿಯಾಗಿ ಹೋದಮೇಲೆ ಆ ಸೊಪ್ಪನ್ನು ತೆಗೆಯುವ ಪುಣ್ಯಾತ್ಮ ಒಬ್ಬನೂ ಇಲ್ಲ. ಒಮ್ಮೆ ಅಂಥ ಗೆಲ್ಲು ಚಕ್ರಕ್ಕೆ ಸಿಕ್ಕಿ ಬಿದ್ದು ಮೊಣಕಾಲು ತರಚಿಕೊಂಡಮೇಲೆ, ಕಂಡಲ್ಲೆಲ್ಲ ಇಳಿದು ಬದಿಗೆ ಎಳೆದುಹಾಕುವುದನ್ನು ಅಭ್ಯಾಸ ಮಾಡಿಕೊಂಡೆ. ಬೈಯುತ್ತಲೇ ಎಳೆಯುತ್ತೇನೆ.

ಇನ್ನು ಆನೆಗಳ ಕಾಟ. ಅದಕ್ಕೆ ನಾನೇ ಮುತುವರ್ಜಿ ವಹಿಸಿ ಊರಿಗೊಂದು ಮೊಬೈಲ್ ಆ್ಯಪ್ ಮಾಡಿಕೊಟ್ಟಿದ್ದೆ. ಆನೆ ಕಂಡವರು ಗುಂಡಿ ಒತ್ತಿದರೆ ನಕ್ಷೆಯಲ್ಲಿ ಆ ಜಾಗ ಕೆಂಪಾಗುತ್ತದೆ. ಎರಡು ಗಂಟೆ ಯಾರೂ ಒತ್ತದಿದ್ದರೆ ತಾನಾಗಿ ಹಸಿರಾಗುತ್ತದೆ. ನಾಲ್ಕು ಜನ ಹೊಗಳಿದರು. ನಾನೂ ಉಬ್ಬಿದೆ, ಸುಳ್ಳು ಹೇಳುವುದೇಕೆ.

ಆ ಬೆಳಿಗ್ಗೆ ಹೊರಡುವ ಮೊದಲು ನೋಡಿದೆ. ದಾರಿಯುದ್ದಕ್ಕೂ ಹಸಿರು. ಕಾಡು ಶುರುವಾಗುವಲ್ಲಿ ರಸ್ತೆಗೆ ಅಡ್ಡಲಾಗಿ ದೊಡ್ಡದೊಂದು ಗೆಲ್ಲು ಬಿದ್ದಿತ್ತು. ಹಿಂದೆ ಮುಂದೆ ನೋಡಿದೆ, ಗಾಡಿಯ ಸುಳಿವಿಲ್ಲ. ರಿಪೇರಿ ಮಾಡಿಕೊಂಡು ಹೋಗಿದ್ದಾರೆ, ಇದನ್ನು ತೆಗೆಯಲು ಇವರ ಅಪ್ಪ ಬರಬೇಕೇನೋ ಎಂದು ಗೊಣಗುತ್ತ ಎಳೆದು ಚರಂಡಿಗೆ ತಳ್ಳಿದೆ. ಕೈ ಕೊಡವಿಕೊಂಡು ಇಳಿಜಾರಿನಲ್ಲಿ ಸೈಕಲ್ ಬಿಟ್ಟೆ.

ಅರ್ಧ ಕಿಲೋಮೀಟರ್ ಕೆಳಗೆ, ತಿರುವಿನಲ್ಲಿ, ಬೈನೆ ಮರವೊಂದು ಬುಡಮೇಲಾಗಿ ಬಿದ್ದಿತ್ತು. ಅದರ ತಿರುಳನ್ನು ಯಾರು ತಿನ್ನುತ್ತಾರೆಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಆಚೆ ಬಿದಿರು ಮೆಳೆಯಲ್ಲಿ ಲಟಲಟ ಸದ್ದು.

ಬ್ರೇಕ್ ಹಿಡಿದು ನಿಂತಾಗಲೇ ನನ್ನ ತಲೆಗೆ ಹೋದದ್ದು: ಆ ಸೊಪ್ಪು ಕೆಟ್ಟ ಗಾಡಿಗಾಗಿ ಹಾಕಿದ್ದಲ್ಲ, ಆನೆಗಾಗಿ. ಅದನ್ನು ತೆಗೆದವನು ನಾನು. ಹಿಂದಿನಿಂದ ಹೆಂಡತಿ ಸ್ಕೂಟರಿನಲ್ಲಿ ಬರುತ್ತಿದ್ದಾಳೆ.

ಫೋನ್ ತೆಗೆದೆ. ಕಾಡಿನೊಳಗೆ ನೆಟ್‌ವರ್ಕ್ ಇಲ್ಲವೆಂದು ಗೊತ್ತಿದ್ದೂ ಅವಳ ನಂಬರ್ ಎರಡು ಸಲ ಒತ್ತಿದೆ. ಸದ್ದಾಗದಂತೆ ಸೈಕಲ್ ತಿರುಗಿಸಿ ಏರು ತುಳಿಯತೊಡಗಿದೆ. ಹೆಲ್ಮೆಟ್ ಹಾಕಿದವಳಿಗೆ ಬಿದಿರಿನ ಸದ್ದು ಕೇಳುವುದಿಲ್ಲ. ತಿರುವು ದಾಟುವವರೆಗೆ ಆನೆ ಕಾಣುವುದಿಲ್ಲ. ಅವಸರಕ್ಕೆ ಚೈನ್ ಕಳಚಿತು. ಸೈಕಲನ್ನು ಅಲ್ಲೇ ಬಿಟ್ಟು ಓಡಿದೆ. ಐವತ್ತು ದಾಟಿದಮೇಲೆ ನಾನು ಹಾಗೆ ಓಡಿದ್ದು ಅದೊಂದೇ ಸಲ. ದೇವರ ಹೆಸರೂ ಬಾಯಿಗೆ ಬರಲಿಲ್ಲ, ಬರೀ ಅವಳ ಮುಖ ಕಣ್ಣಮುಂದೆ.

ಸ್ಕೂಟರಿನ ಸದ್ದು ಕೇಳಿದ್ದೇ ತಡ, ನಡುರಸ್ತೆಯಲ್ಲಿ ಎರಡು ಕೈ ಎತ್ತಿ ನಿಂತುಬಿಟ್ಟೆ. ಅವಳು ಭರ್ರನೆ ಬಂದು ನನ್ನಿಂದ ಹತ್ತು ಹೆಜ್ಜೆ ಆಚೆ ಹೇಗೋ ನಿಲ್ಲಿಸಿದಳು.

"ಎಂತ ಮಾರಾಯ್ರೆ! ಸೈಕಲ್ ಎಲ್ಲುಂಟು? ಬಿದ್ರಾ?"

ನನಗೆ ಉಸಿರು ಬಾರದು. "ಆನೆ," ಎಂದು ಕೆಳಗೆ ಕೈ ತೋರಿಸಿದೆ. ಅವಳು ಎಂಜಿನ್ ಆರಿಸಿದಳು. ಆಗ ಬಿದಿರಿನ ಸದ್ದು ಅವಳಿಗೂ ಕೇಳಿಸಿತು. ಇಬ್ಬರೂ ಸ್ಕೂಟರನ್ನು ಮೇಲಕ್ಕೆ ತಳ್ಳಿಕೊಂಡು ಬಂದೆವು. ಅವಳ ತೋಳನ್ನು ನಾನು ಬಿಟ್ಟಿರಲೇ ಇಲ್ಲ. ಬದುಕಿದೆವು ಎನ್ನುವುದಕ್ಕಿಂತ, ಇವಳು ನನ್ನ ಕಣ್ಣೆದುರು ಇದ್ದಾಳಲ್ಲ ಎಂಬ ನೆಮ್ಮದಿಗೆ ಕಣ್ಣು ತುಂಬಿ ಬಂತು.

ಕಾಡಿನ ಬಾಯಿಯಲ್ಲಿ, ಪಕ್ಕದ ತೋಟದಲ್ಲಿ ರಬ್ಬರ್ ಮರದ ಹಾಲಿಳಿಸುವ ಟ್ಯಾಪಿಂಗ್ ಕೆಲಸದವರೊಬ್ಬರು ಇನ್ನೊಂದು ಗೆಲ್ಲು ಎಳೆದುಕೊಂಡು ಬರುತ್ತಿದ್ದರು. "ಅಲ್ಲ, ಆಗಲೇ ಇಲ್ಲಿ ಸೊಪ್ಪು ಹಾಕಿದ್ದೆ. ಯಾರು ತೆಗೆದದ್ದು? ಕೆಳಗೆ ಮೂರು ಆನೆ ಉಂಟು."

ಹೆಂಡತಿ ನನ್ನ ಕಡೆ ತಿರುಗಿದಳು. ನನ್ನ ಅಭ್ಯಾಸ ಅವಳಿಗೆ ಗೊತ್ತಿಲ್ಲದ್ದೇ?

"ನಾನೇ," ಎಂದೆ. ಅಲ್ಲಿಗೇ ಸುಮ್ಮನಾಗಬಹುದಿತ್ತು. ಆದರೆ ಹಾಳು ಬಾಯಿ! "ಆ್ಯಪಿನಲ್ಲಿ ಒಂದು ಸಲ ಒತ್ತಬಹುದಿತ್ತಲ್ಲ ನೀವು?" ಎಂದೂ ಕೇಳಿಬಿಟ್ಟೆ.

"ಟ್ಯಾಪಿಂಗಿಗೆ ಬರುವಾಗ ಮೊಬೈಲು ತರುದಿಲ್ಲ. ಕೈಯೆಲ್ಲ ರಬ್ಬರ್ ಹಾಲು. ಮತ್ತೆ ಇಲ್ಲಿ ನೆಟ್‌ವರ್ಕ್ ಎಲ್ಲುಂಟು?" ಎಂದು ಅವರು ಗೆಲ್ಲನ್ನು ರಸ್ತೆಗೆ ಅಡ್ಡ ಹಾಕಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವರು ಆಚೆಯ ಮನೆಗಳಿಗೆ ಹೇಳಿಬರಲು ಹೋದಮೇಲೆ ಇವಳ ಬೈಗುಳಕ್ಕೆ ಕಾದೆ. ಅವಳು ಬೈಯಲಿಲ್ಲ. ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು ಮೋರಿಯ ಕಟ್ಟೆಯ ಮೇಲೆ ಕೂತಳು.

"ಆ ತಿರುವಿನಲ್ಲಿ ನಾನು ಯಾವಾಗ್ಲೂ ಹೆದರಿ ನಿಧಾನ ಹೋಗುದು. ಇವತ್ತು ಹೊರಡುವಾಗ ನಿಮ್ಮ ಆ್ಯಪ್ ನೋಡಿದೆ, ಹಸಿರು ಇತ್ತು. ಅದಕ್ಕೇ ಜೋರು ಬಿಟ್ಟದ್ದು. ನೀವು ಮಾಡಿದ್ದಲ್ವಾ, ತಪ್ಪಿರ್ಲಿಕ್ಕಿಲ್ಲ ಅಂತ."

ಯಾರೂ ಒತ್ತಲಿಲ್ಲವೆಂದರೆ ಆನೆ ಇಲ್ಲವೆಂದೇ ಬರೆದಿಟ್ಟವನು ನಾನು. ಒತ್ತುವ ಕೈಗೆ ಹಾಲು ಮೆತ್ತಿರಬಹುದೆಂದು ಕಂಪ್ಯೂಟರಿನ ಮುಂದೆ ಕೂತವನಿಗೆ ಹೊಳೆದೇ ಇರಲಿಲ್ಲ. ಒಂದು ಗಂಟೆ ಕಳೆದು ಆನೆಗಳು ಹೊಳೆ ದಾಟಿದ ಸುದ್ದಿ ಬಂತು. ಚೈನ್ ಸಿಕ್ಕಿಸಿಕೊಂಡು ಪೇಟೆ ಸೇರಿದವನು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಆ ಹಸಿರನ್ನು ಪೂರ್ತಿ ಅಳಿಸಿದೆ. ಸುದ್ದಿ ಬಂದಲ್ಲಿ ಕೆಂಪು, ಉಳಿದಲ್ಲಿ ಬರೀ ಬಿಳಿ.

ಮರುದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ನೆರೆಮನೆಯವರ ಫೋನ್ ಬಂತು. ಎತ್ತಿದ್ದು ಹೆಂಡತಿ.

"ನಕ್ಷೆ ಪೂರಾ ಬಿಳಿ ಉಂಟಲ್ಲ, ಹಾಳಾಯ್ತಾ?" ಎಂದು ಅವರು ಕೇಳಿದ್ದು ನನಗೂ ಕೇಳಿಸಿತು.

"ಇಲ್ಲ, ಸರಿಯಾಯ್ತು," ಎಂದಳು ಇವಳು. "ಬಿಳಿ ಅಂದ್ರೆ ಇವರಿಗೆ ಗೊತ್ತಿಲ್ಲ ಅಂತ ಅರ್ಥ. ನಿಧಾನ ಹೋಗಿ."