ಬಂಗ್ಲೆ ಸ್ಕೂಲಿನ ಅಕ್ಕಯಮ್ಮ

ಕೋಲಾರದ ಬಂಗ್ಲೆ ಸ್ಕೂಲಿನಲ್ಲಿ ಅಕ್ಕಯಮ್ಮ ಹನ್ನೊಂದು ವರ್ಷ ಆಯಾ ಆಗಿದ್ದಳು. ಆ ಹನ್ನೊಂದು ವರ್ಷಗಳಲ್ಲಿ, ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ, ಅವಳು ಒಂದು ಮಾತನ್ನೂ ಆಡಿರಲಿಲ್ಲ. ಅವಳೇನೂ ಮೂಕಿಯಲ್ಲ. ಕ್ಯಾಲನೂರಿನಲ್ಲಿ ರಾಗಿಹೊಲದ ಕಳೆ ಕೀಳುವ ಹೆಂಗಸರ ಸಾಲಿನಲ್ಲಿ ಬೆಳೆದವಳ ದನಿ ಮೂರು ಹೊಲಗಳಾಚೆಗೂ ಕೇಳಿಸುತ್ತಿತ್ತು. ಕನ್ನಡದಲ್ಲಿ ಶುರುಮಾಡಿದ ಜಗಳವನ್ನು ತೆಲುಗಿನಲ್ಲಿ ಮುಗಿಸುವುದು ಅವಳಿಗೆ ಸಲೀಸಾಗಿತ್ತು. ಆದರೆ ಸ್ಕೂಲಿನ ಕಾಂಪೌಂಡಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂಬ ಕಾಯಿದೆ ಇತ್ತು. ಅಕ್ಕಯಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದ್ದರಿಂದ ಅವಳು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು.

ಆ ಕಟ್ಟಡ ವಿಕ್ಟೋರಿಯಾ ರಾಣಿಯ ಕಾಲದ್ದು. ಯಾರೋ ಒಬ್ಬ ಇಂಗ್ಲಿಷ್ ದೊರೆ ತನ್ನ ಮಕ್ಕಳಿಗೂ ಸುತ್ತಲಿನ ನಾಲ್ಕಾರು ದೊರೆಗಳ ಮಕ್ಕಳಿಗೂ ಸೀಮೆಯಿಂದ ಬಂದ ಮೇಡಮ್ಮನೊಬ್ಬಳ ಕೈಯಲ್ಲಿ ಪಾಠ ಹೇಳಿಸುತ್ತಿದ್ದ ಬಂಗಲೆ. ಅಲ್ಲಿನ ಆಳುಗಳು ಮಕ್ಕಳೊಡನೆ ಮಾತಾಡಿದರೆ ಮಕ್ಕಳ ನಾಲಗೆ ಕೆಡುತ್ತದೆಂದು ದೊರೆ ನಿಯಮ ಮಾಡಿದ್ದನಂತೆ. ದೊರೆಗಳು ಹೋದರು. ಊರಿನ ವಕೀಲರೂ ಶ್ರೀನಿವಾಸಪುರದ ಮಾವಿನ ಮಂಡಿಯವರೂ ಸೇರಿ ಒಂದು ಸೊಸೈಟಿ ಮಾಡಿಕೊಂಡು ಬಂಗಲೆಯನ್ನು ಕೊಂಡರು. ಹೆಂಚು ಬದಲಾಯಿಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಕುದುರೆ ಲಾಯವನ್ನು ಒಂದನೇ ಕ್ಲಾಸು ಮಾಡಿದರು. ದೊರೆಯ ನಿಯಮವನ್ನು ಮಾತ್ರ ಕೂದಲೂ ಕೊಂಕದಂತೆ ಕಾಪಾಡಿಕೊಂಡು ಬಂದರು.

ಮಾತಿಲ್ಲದೆ ಎಂಬತ್ತು ಪುಟ್ಟ ಮಕ್ಕಳನ್ನು ಸಂಭಾಳಿಸುವುದು ಹೇಗೆ? ಅಕ್ಕಯಮ್ಮ ಸನ್ನೆಗಳನ್ನು ಕಟ್ಟಿದಳು. ಕಿರುಬೆರಳೆತ್ತಿದರೆ ಒಂದಕ್ಕೆ, ಹೆಬ್ಬೆರಳು ತುಟಿಗೆ ಹೋದರೆ ನೀರಿಗೆ, ಅಂಗೈ ಹೊಟ್ಟೆಯ ಮೇಲೆ ಸುತ್ತಿದರೆ ವಾಂತಿಗೆ. ಬಳಪ ಮುರಿದರೊಂದು, ಗುಂಡಿ ಕಿತ್ತುಹೋದರೊಂದು. ಹೊಸದಾಗಿ ಸೇರಿದ, ಇಂಗ್ಲಿಷಿನ ಗಂಧವಿಲ್ಲದ ಮಕ್ಕಳು ಎ, ಬಿ, ಸಿ, ಡಿಗಿಂತ ಮೊದಲು ಅಕ್ಕಯಮ್ಮನ ಬೆರಳುಗಳನ್ನು ಕಲಿಯುತ್ತಿದ್ದವು. ಸೊಸೈಟಿಯ ಸೆಕ್ರೆಟರಿ, ವಕೀಲ ಲಕ್ಷ್ಮೀನಾರಾಯಣರು, ಬಂದ ಅತಿಥಿಗಳಿಗೆಲ್ಲ ಅವಳನ್ನು ತೋರಿಸುತ್ತಿದ್ದರು. "ನೋಡಿ ಸಾರ್ ನಮ್ಮ ಆಯಾನ. ಒಂದು ಸೌಂಡಿಲ್ಲ!" ಅತಿಥಿಗಳು ತಲೆದೂಗುತ್ತಿದ್ದರು. ಅಕ್ಕಯಮ್ಮ ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು. ಆಗ ಹಿಗ್ಗಿದ್ದನ್ನು ನೆನೆದಾಗಲೆಲ್ಲ ಮುಂದೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವಳು ಸೆಕ್ರೆಟರಿಯ ಮನೆಗೆ ಹೋಗಿ ಕೈಮುಗಿದು ನಿಂತಳು. ಮಗಳು ವೆಂಕಟರತ್ನಮ್ಮ ಗಂಡನನ್ನು ಕಳೆದುಕೊಂಡು ತಾಯಿಯ ಮನೆ ಸೇರಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಮಗಳು ಭಾರತಿಗೆ ಐದು ತುಂಬಿತ್ತು. ಸ್ಕೂಲಿನಲ್ಲಿ ಕೆಲಸ ಮಾಡುವವರ ಮನೆಯ ಒಂದು ಮಗುವಿಗೆ ಫೀಜಿಲ್ಲದ ಸೀಟು ಕೊಡಬಹುದೆಂದು ಸೊಸೈಟಿಯ ಪುಸ್ತಕದಲ್ಲೇ ಇತ್ತು.

"ಕೊಡೋಣ ಅಕ್ಕಯಮ್ಮ, ಕೊಡಲ್ಲ ಅಂತ ಯಾರಂದ್ರು?" ಲಕ್ಷ್ಮೀನಾರಾಯಣರು ಕನ್ನಡಕ ಒರೆಸಿಕೊಂಡರು. "ಆದ್ರೆ ಒಂದು ಮಾತು. ಮಗು ಕಾಂಪೌಂಡಲ್ಲಿ ನಿನ್ನ ಅವ್ವಾ ಗಿವ್ವಾ ಅಂತ ಕರೀಕೂಡದು. ನೀನು ಎಲ್ರಿಗೂ ಆಯಾ, ಅದಕ್ಕೂ ಆಯಾ. ಬೇರೆ ಪೇರೆಂಟ್ಸು ಏನಂದ್ಕೋತಾರೆ ಹೇಳು?"

"ಅದಕ್ಕೇನು ಸಾಮಿ! ಕಲಿಸ್ತೀನಿ ಬಿಡಿ. ನನ್ ಕೈಯಾಗೆ ಎಷ್ಟ್ ಮಕ್ಕಳು ಕಲ್ತಿಲ್ಲ?"

ಕಲಿಸಿದಳು. ಕೋಲಾರದ ಕಡೆಯ ತೆಲುಗು ಮನೆಗಳಲ್ಲಿ ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಭಾರತಿ ಬಾಯಿಬಿಟ್ಟು ಆಡಿದ ಮೊದಲ ಮಾತೇ ಅದು. ಸ್ಕೂಲು ಶುರುವಾಗುವವರೆಗಿನ ಎರಡು ತಿಂಗಳು ಮಗು "ಅವ್ವಾ" ಎಂದರೆ ಅಕ್ಕಯಮ್ಮ ಮುಖ ತಿರುಗಿಸಿದಳು. ಮತ್ತೆ ಕರೆದರೆ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟಳು. ಕರೆಯದೆ ಸುಮ್ಮನೆ ಬಂದು ಸನ್ನೆ ಮಾಡಿದ ದಿನ ಬೆಲ್ಲದ ಚೂರು ಕೊಟ್ಟಳು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ವೆಂಕಟರತ್ನಮ್ಮ ನೋಡಿ ನಕ್ಕಳು. "ಏನಮ್ಮಾ ಇದು, ನಾಯಿಮರಿ ಪಳಗಿಸ್ದಂಗೆ?"

"ನೀನ್ ಸುಮ್ಕಿರೇ. ನಾಳೆ ಇದು ಟುಸ್‌ಪುಸ್ ಅಂತ ಇಂಗ್ಲೀಷ್ ಮಾತಾಡಿದ್ರೆ ನೀನೇ ಬಂದು ನನ್ ಕಾಲು ಹಿಡೀತೀಯ."

ಜೂನ್ ತಿಂಗಳಲ್ಲಿ ಭಾರತಿ ಕುದುರೆ ಲಾಯದ ಒಂದನೇ ಕ್ಲಾಸಿಗೆ ಸೇರಿದಳು. ಒಂದು ದಿನವೂ ತಪ್ಪು ಮಾಡಲಿಲ್ಲ. ವರಾಂಡದಲ್ಲಿ ಎದುರಾದರೂ ಅವಳಿಗೆ ಅಕ್ಕಯಮ್ಮ ಒಂದು ಕಂಬ. ಮನೆಗೆ ಬಂದ ಮೇಲೂ ಕರೆಯುವುದು ಕಡಿಮೆಯಾಯಿತು, ಹಸಿವಾದರೆ ಬೆರಳೆತ್ತುತ್ತಿದ್ದಳು. ಮಗು ಗಂಭೀರವಾಗಿದೆ, ಓದುವ ಮಕ್ಕಳೇ ಹಾಗೆ ಎಂದುಕೊಂಡಳು ಅಕ್ಕಯಮ್ಮ.

ಆಗಸ್ಟಿನ ಒಂದು ಮಂಗಳವಾರ, ಬೆಳಗಿನ ಬಿಡುವಿನಲ್ಲಿ, ಭಾರತಿ ಬಂಗಲೆಯ ಕಲ್ಲು ಮೆಟ್ಟಿಲಿನಿಂದ ಜಾರಿ ಬಿದ್ದಳು. ದೊರೆಗಳ ಬೂಟುಗಾಲಿಗೆಂದು ಕಟ್ಟಿದ ಎತ್ತರದ ಮೆಟ್ಟಿಲು ಅವು. ಬಿದ್ದದ್ದನ್ನು ದೊಡ್ಡವರು ಯಾರೂ ನೋಡಲಿಲ್ಲ. ಮಗು ತಾನೇ ಎದ್ದು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕ್ಲಾಸಿನ ಕಡೆ ನಡೆಯಿತು. ದಾರಿಯಲ್ಲಿ ಅಕ್ಕಯಮ್ಮ ನೀರಿನ ಬಿಂದಿಗೆ ಹೊತ್ತು ಬರುತ್ತಿದ್ದಳು. ಭಾರತಿ ನಿಂತು ಅವಳನ್ನೇ ನೋಡಿದಳು. ಬಿದ್ದೆ ಎನ್ನಲು, ನೋಯುತ್ತಿದೆ ಎನ್ನಲು ಅಕ್ಕಯಮ್ಮ ಸನ್ನೆಯನ್ನೇ ಕಟ್ಟಿರಲಿಲ್ಲ. ಕಟ್ಟಿದ್ದರೂ ಎತ್ತಬೇಕಾದ ಕೈ ಮುರಿದಿತ್ತು. ಮಗುವಿನ ತುಟಿ ಅದುರಿದ್ದನ್ನು ಅಕ್ಕಯಮ್ಮ ಕಂಡಳು. ಕರೆಯಬೇಕೆನ್ನಿಸಿದರೂ ಕರೆಯದೆ ತಡೆದುಕೊಂಡಿದೆ, ಎಷ್ಟು ಚೆನ್ನಾಗಿ ಕಲಿತಿದೆ ಎಂದುಕೊಂಡು ಬಿಂದಿಗೆ ಇಳಿಸಲು ಹೋದಳು.

ಎರಡು ಪೀರಿಯಡ್ಡು ಆ ಮಗು ಬೆಂಚಿನ ಮೇಲೆ ಕೂತಿತ್ತು.

ಮಧ್ಯಾಹ್ನ ಪುಟ್ಟ ಮಕ್ಕಳ ಬುತ್ತಿ ಡಬ್ಬಿ ಬಿಚ್ಚಿಕೊಡುತ್ತ ಬಂದಾಗ, ಭಾರತಿ ಎಡಗೈಯಲ್ಲಿ ಅನ್ನ ಕೆದಕುತ್ತಿರುವುದು ಕಾಣಿಸಿತು. ಬಲಗೈ ಮಣಿಕಟ್ಟಿನ ಹತ್ತಿರ ಊದಿ, ಮೂಳೆ ಇರಬಾರದ ಕಡೆ ಉಬ್ಬಿಕೊಂಡಿತ್ತು.

"ಏಮೈಂದೇ ತಲ್ಲೀ! ಯಾವಾಗ್ ಬಿದ್ಯೇ? ಯಾಕೇ ಹೇಳ್ಲಿಲ್ಲ?"

ಹನ್ನೊಂದು ವರ್ಷಗಳ ಮೇಲೆ ಆ ಕ್ಲಾಸಿನ ಗೋಡೆಗಳು ಅಕ್ಕಯಮ್ಮನ ದನಿ ಕೇಳಿದವು. ಇಡೀ ಕ್ಲಾಸು ಬೆಚ್ಚಿತು. ಭಾರತಿ ಬೆದರಿ ಟೀಚರ ಕಡೆ ನೋಡಿ, ಎಡಗೈಯ ಬೆರಳನ್ನೆತ್ತಿ ಅಕ್ಕಯಮ್ಮನ ತುಟಿಯ ಮೇಲಿಟ್ಟಳು. ಮಾತಾಡಬೇಡ ಎಂದು.

ಹೆಡ್‌ಮಿಸ್ಟ್ರೆಸ್ ಅನಂತಲಕ್ಷ್ಮಿ ಓಡಿಬಂದರು. ಮುಳಬಾಗಿಲಿನ ಕಡೆಯ ದೇವರಾಯಸಮುದ್ರದವರು. ಸಂಜೆ ಗೇಟು ಹಾಕಿದ ಮೇಲೆ ಅಕ್ಕಯಮ್ಮನೊಡನೆ ಕಾಫಿ ಕುಡಿಯುತ್ತ ತೆಲುಗಿನಲ್ಲೇ ಕಷ್ಟಸುಖ ಹೇಳಿಕೊಳ್ಳುತ್ತಿದ್ದವರು. ಈಗ ಬಾಗಿಲಲ್ಲಿ ನಿಂತು, "ಸೈಲೆನ್ಸ್! ಆಯಾ, ಸೈಲೆನ್ಸ್!" ಎಂದರು.

"ಯಾರಿಗಮ್ಮಾ ಸೈಲೆನ್ಸು?" ಅಕ್ಕಯಮ್ಮ ಮಗುವನ್ನೆತ್ತಿಕೊಂಡು ತಿರುಗಿದಳು. "ಕೈ ಮುರ್ಕೊಂಡು ಎಲ್ಡು ಗಂಟೆ ಕೂತೈತೆ ಮಗು! ಅಷ್ಟೊತ್ತೂ ಸೈಲೆನ್ಸಾಗೇ ಇತ್ತಲ್ಲ, ಕೇಳಿಸ್ಲಿಲ್ವಾ ನಿಮ್ಗೆ? ನಿಮ್ಮಮ್ಮ ನಿಮ್ಗೆ ಯಾವ್ ಭಾಷೇಲಿ ಹಾಲು ಕುಡ್ಸಿದ್ಳು, ಹೇಳ್ರಿ ಈ ಮಕ್ಕಳ್ ಮುಂದೆ!"

ಅನಂತಲಕ್ಷ್ಮಿಯವರ ಮುಖ ಕಪ್ಪಿಟ್ಟಿತು. ಅಕ್ಕಯಮ್ಮ ಅವರನ್ನು ಭುಜದಿಂದ ಸರಿಸಿ ಹೊರಟಳು. ಜಟಕಾ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗುವವರೆಗೂ ಬಯ್ಯುತ್ತಲೇ ಇದ್ದಳು, ಸ್ಕೂಲನ್ನು, ದೊರೆಯನ್ನು, ಸೊಸೈಟಿಯನ್ನು. ಮಗು ಮಾತ್ರ ಮೂಳೆ ಕೂರಿಸುವಾಗಲೂ ಹಲ್ಲು ಕಚ್ಚಿಕೊಂಡು ಕಣ್ಣೀರು ಸುರಿಸಿತೇ ಹೊರತು ಬಾಯಿ ಬಿಡಲಿಲ್ಲ.

ಭಾನುವಾರ ಸೊಸೈಟಿ ಸೇರಿತು. ಮಕ್ಕಳ ಮುಂದೆ ಹೆಡ್‌ಮಿಸ್ಟ್ರೆಸ್ಸಿಗೆ ಅವಮಾನವಾಗಿದೆ, ಮೂರು ಮನೆಯವರು ದೂರು ಕೊಟ್ಟಿದ್ದಾರೆ ಎಂದರು ಲಕ್ಷ್ಮೀನಾರಾಯಣರು. ಆ ಮೂರು ಮನೆಯ ಮಕ್ಕಳ ಮೂಗು ಒರೆಸಿ, ಚಡ್ಡಿ ಬದಲಾಯಿಸಿದವಳು ಅಕ್ಕಯಮ್ಮ. ಆ ಮನೆಗಳಲ್ಲಿ ಆಡುವ ತೆಲುಗನ್ನು ಬೀದಿಯಲ್ಲಿ ನಿಂತು ಕೇಳಿದವಳೂ ಅವಳೇ. ಸೆಕ್ರೆಟರಿ ಟೈಪ್ ಮಾಡಿಸಿದ ಕಾಗದವೊಂದನ್ನು ಮುಂದೆ ತಳ್ಳಿದರು.

"ಇಲ್ಲಿ ಹೆಬ್ಬೆಟ್ಟು ಒತ್ತು. ಕೆಲಸ ಉಳಿಯುತ್ತೆ, ಮಗು ಸೀಟೂ ಉಳಿಯುತ್ತೆ."

"ಏನ್ ಬರ್ದೈತೆ, ಓದಿ ಸಾಮಿ. ನಂಗೆ ತಿಳಿಯೋ ಭಾಷೇಲಿ."

ಅವರು ಓದಿದರು. ಮಗು ತನ್ನ ಅಜಾಗರೂಕತೆಯಿಂದ ಬಿದ್ದಿತು, ನಾನು ಅಪ್ಪಣೆಯಿಲ್ಲದೆ ಕ್ಲಾಸಿನಲ್ಲಿ ಕೂಗಾಡಿದೆ, ಕ್ಷಮಿಸಬೇಕು.

ವೆಂಕಟರತ್ನಮ್ಮ ಬಾಗಿಲ ಬಳಿ ನಿಂತು ಕಣ್ಣಲ್ಲೇ ಬೇಡುತ್ತಿದ್ದಳು: ಒತ್ತಿಬಿಡಮ್ಮ.

"ಕೂಗಾಡಿದ್ದು ಹೌದು, ಒತ್ತೀನಿ," ಎಂದಳು ಅಕ್ಕಯಮ್ಮ. "ಅದರ ಕೆಳ್ಗೆ ಇನ್ನೊಂದ್ ಮಾತು ಬರೀರಿ. ಕೈ ಮುರಿದ್ರೂ ಮಗು ಬಾಯಿಬಿಡ್ಲಿಲ್ಲ, ಅದು ನಮ್ಮ ಕಾಯಿದೆ ಮಾಡಿದ್ದು ಅಂತ. ಆ ಕಾಯಿದೆ ಮಗೂಗೆ ಕಲಿಸ್ದೋಳು ನಾನೇ ಅಂತಾನೂ ಬರೀರಿ. ಎರಡ್ಕೂ ಒತ್ತೀನಿ, ಹತ್ತು ಬೆರಳೂ ಒತ್ತೀನಿ."

ಯಾರೂ ಬರೆಯಲಿಲ್ಲ. ಮಂಡಿಯವರೊಬ್ಬರು ಗಡಿಯಾರ ನೋಡಿಕೊಂಡರು. ಅಕ್ಕಯಮ್ಮ ಸೊಂಟದಲ್ಲಿದ್ದ ಗೇಟಿನ ಬೀಗದ ಕೈಯನ್ನು ಕಾಗದದ ಮೇಲೆ ಎಸೆದು ಹೊರಬಂದಳು.

"ನಿನ್ ರೋಷಕ್ಕೆ ನನ್ ಮಗಳ ಬಾಳು ಹಾಳ್ಮಾಡ್ದೆ," ಎಂದು ವೆಂಕಟರತ್ನಮ್ಮ ದಾರಿಯುದ್ದಕ್ಕೂ ಅತ್ತಳು. ಆ ಮಾತನ್ನು ಅವಳು ಮುಂದೆಯೂ ಬಿಡಲಿಲ್ಲ. ಕೇಳಿದಾಗಲೆಲ್ಲ ಅಕ್ಕಯಮ್ಮ ಮಗಳ ಮೇಲೂ ರೇಗುತ್ತಿದ್ದಳು.

ಕೈಗೆ ಹಾಕಿದ ಪಟ್ಟಿ ಬಿಚ್ಚುವ ಮೊದಲೇ ಅಕ್ಕಯಮ್ಮ ಭಾರತಿಯನ್ನು ಸರ್ಕಾರಿ ಕನ್ನಡ ಶಾಲೆಗೆ ಕರೆದೊಯ್ದಳು. ಮೇಷ್ಟರು ಚನ್ನರಾಯಪ್ಪನವರು ಹಾಜರಿ ಪುಸ್ತಕ ತೆರೆದು ಹೆಸರು ಕೇಳಿದರು. ಮಗು ಹೇಳಿತು.

"ಶಭಾಷ್. ನಿನ್ನ ಜೊತೆ ಬಂದಿರೋರು ಯಾರಮ್ಮಾ?"

ಭಾರತಿ ಕತ್ತೆತ್ತಿ ಅಕ್ಕಯಮ್ಮನ ಮುಖ ನೋಡಿದಳು. ಹೇಳಬಹುದೇ ಎಂದು ಕೇಳುವ ನೋಟ. ಅಕ್ಕಯಮ್ಮ "ಹೇಳೇ! ಕೂಗಿ ಹೇಳೇ!" ಎಂದಳು. ಆ ಗದರಿಕೆಗೆ ಮೇಷ್ಟರೂ ಬೆಚ್ಚಿದರು. ಮಗು ಮೆಲ್ಲಗೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಅವ್ವ" ಎಂದಿತು. ಮೇಷ್ಟರು ಬಗ್ಗಿ ಮತ್ತೊಮ್ಮೆ ಕೇಳಬೇಕಾಯಿತು.